ಕೌದಿಯಲ್ಲಿ ಕೂತ ಊರು

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ನಿಂತು, ಬೇಸಿಗೆ ಭತ್ತದ ಕೊಯ್ಲು ಮುಗಿಯಿತೆಂದರೆ ಸಾಣಾಪುರದ ಸೀಮೆಯಲ್ಲಿ ಕೌದಿಗೆ ಕೈ ಬಿಡುವಾಗುತ್ತದೆ. ಸುತ್ತ ಕಾದ ಬಂಡೆಗುಡ್ಡ. ಬೇವಿನ ನೆರಳಲ್ಲಿ ಹಾಸಿದ ಹಳೇ ಸೀರೆ, ಹಾರದಂತೆ ನಾಲ್ಕು ಮೂಲೆಗೆ ನಾಲ್ಕು ಕಲ್ಲು. ಅದರ ಮೇಲೆ ಸವೆದ ಧೋತರ, ತೋಳು ಕಿತ್ತ ಅಂಗಿ, ಮೇಲುಮೇಲಕ್ಕೆ ಬಣ್ಣದ ತುಂಡುಗಳು. ಹೆಂಗಸರು ಅಂಚಿಗೊಬ್ಬರಂತೆ ಕೂತು, ನಾಟಿ ಹಚ್ಚಿದ ಹಾಗೆ ಸಾಲು ಹಿಡಿದು ಒಳಮುಖವಾಗಿ ಹೊಲಿಯುತ್ತ ಬರುತ್ತಾರೆ. ಒಬ್ಬಳದು ಒತ್ತು ಹೊಲಿಗೆ, ಇನ್ನೊಬ್ಬಳದು ದೂರದೂರ. ಯಾರು ಯಾವ ಬದಿಗೆ ಕೂತಿದ್ದರೆಂದು ಮುಗಿದ ಕೌದಿಯೇ ಹೇಳುತ್ತದೆ.

‘ಇದು ನಮ್ಮವ್ವನ ಇಳಕಲ್ ಸೀರಿ ಸೆರಗು. ಈ ಖಣ ನನ್ನ ಸೀಮಂತದ್ದು. ಅದಾ? ಸಾಲಿ ಬಿಟ್ಟನಲ್ಲ, ಅವನ ಅಂಗಿ!’ ನಗೆ ಎದ್ದು, ಸೂಜಿ ಮತ್ತೆ ಓಡುತ್ತದೆ.

ಇಲ್ಲಿ ಇತಿಹಾಸಕ್ಕೇನೂ ಬರವಿಲ್ಲ. ವಿಜಯನಗರ ಕಾಲದ ಒಡ್ಡಿನಿಂದ ಇಂದಿಗೂ ಆನೆಗೊಂದಿ ಬಯಲಿಗೆ ನೀರು ಹೋಗುತ್ತದೆ; ಹೊಳೆಯಾಚೆ ಹಂಪಿ. 2020ರಲ್ಲಿ ಹೊಳೆ ನಡುವಿನ ವಿರೂಪಾಪುರಗಡ್ಡೆಯ ರೆಸಾರ್ಟುಗಳನ್ನು ಕೆಡವಿದರು; ಈಗ ಸಾಣಾಪುರ ಕೆರೆಯ ಹರಿಗೋಲಿಗೆ ಪ್ರವಾಸಿಗರು ಮುಗಿಬೀಳುತ್ತಾರೆ. ಊರಿನ ಚರಿತ್ರೆಯ ಕೌದಿ ಹೊಲಿಯಿರಿ ಎಂದು ಯಾರಾದರೂ ಹೇಳಿದರೆ ಅಂಜನಾದ್ರಿ, ಕಲ್ಲಿನ ರಥಗಳೇ ಮೊದಲು ಮೂಡುತ್ತವೆ. ನನಗದು ಸೇರದು. ರಥಕ್ಕೆ ಐವತ್ತರ ನೋಟಿನಲ್ಲೇ ಜಾಗ ಸಿಕ್ಕಿದೆ. ಕೂಲಿಯವನ ಅಂಗಿಗೆ ಕೌದಿ ಬಿಟ್ಟರೆ ಬೇರೆಲ್ಲಿ ಜಾಗ?

ತುಂಡುಬಟ್ಟೆಗೆ ಮರ್ಯಾದೆ ಸಿಕ್ಕಿಲ್ಲವೆಂದಲ್ಲ. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯ ಹೊತ್ತಿಗೆ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳ ಕೈಯ 1,755 ಕಸೂತಿ ವಸ್ತುಗಳು ಗಿನ್ನೆಸ್ ದಾಖಲೆ ಮಾಡಿದವು. ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿಗಳು 2011ರಲ್ಲಿ ನ್ಯೂಯಾರ್ಕಿನ ಪ್ರದರ್ಶನಕ್ಕೇ ಹೋದವು. ಮೂಲೆಗಳಲ್ಲಿ ‘ಫೂಲ’ ಎಂಬ ತ್ರಿಕೋನದ ತುಂಡು ಬೀಳುವವರೆಗೆ ಅವರ ಲೆಕ್ಕದಲ್ಲಿ ಕೌದಿ ಮುಗಿದದ್ದಲ್ಲ.

ಭತ್ತದ ಸೀಮೆಯ ಮನೆಗೌದಿಗೆ ಮಾತ್ರ ಅಂಥ ಹೆಸರಿಲ್ಲ. ಮಿರಿಮಿರಿ ರಗ್ಗು ಬಂದ ದಿನ ಅದು ಟ್ರ್ಯಾಕ್ಟರಿನ ಸೀಟಿಗೆ ಹೋಗುತ್ತದೆ. ಹಳೇ ಸೀರೆ ಸ್ಟೀಲ್ ಪಾತ್ರೆಯವನ ಗಂಟು ಸೇರುತ್ತದೆ. ನಿಮ್ಮಲ್ಲೂ ಒಂದು ಕೌದಿ ಉಳಿದಿದ್ದರೆ ಈ ಬೇಸಿಗೆಯಲ್ಲಿ ಹೊರಗೆ ಹರವಿ, ಮನೆಯ ಹಿರಿಯಳನ್ನು ಪಕ್ಕಕ್ಕೆ ಕೂಡಿಸಿಕೊಳ್ಳಿ. ಯಾವ ತುಂಡು ಯಾರದೆಂದು ಕೇಳಿ ಬರೆದಿಡಿ.