ಸೋಲು ಕಾಣದ 14 ಶತಕಗಳು: ಭದ್ರಾವತಿಯ ಜಿ.ಆರ್. ವಿಶ್ವನಾಥ್ ಆಟದ ಹಾದಿ

ಗುಂಡಪ್ಪ ರಂಗನಾಥ ವಿಶ್ವನಾಥ್ ಹುಟ್ಟಿದ್ದು 1949ರ ಫೆಬ್ರುವರಿ 12ರಂದು, ಭದ್ರಾವತಿಯಲ್ಲಿ. 1969ರಿಂದ 1983ರವರೆಗೆ ಭಾರತದ ಪರ 91 ಟೆಸ್ಟ್ ಆಡಿದ ಅವರು 41.93ರ ಸರಾಸರಿಯಲ್ಲಿ 6,080 ರನ್ ಕಲೆಹಾಕಿದರು. 14 ಶತಕ ಬಾರಿಸಿದರು. ಆ ಪೈಕಿ ನಾಲ್ಕು ಪಂದ್ಯಗಳನ್ನು ಭಾರತ ಗೆದ್ದಿತು, ಹತ್ತು ಡ್ರಾ ಆದವು. ವಿಶ್ವನಾಥ್ ಶತಕ ಹೊಡೆದ ಒಂದೇ ಒಂದು ಟೆಸ್ಟ್‌ನಲ್ಲೂ ಭಾರತ ಸೋಲಲಿಲ್ಲ. ಅವರಿಗಿಂತ ಹೆಚ್ಚು ರನ್ ಗಳಿಸಿದವರು, ಹೆಚ್ಚು ಸರಾಸರಿ ಉಳಿಸಿಕೊಂಡವರು ಭಾರತದಲ್ಲಿ ಅನೇಕರಿದ್ದಾರೆ. ತಂಡ ಕಷ್ಟದಲ್ಲಿದ್ದಾಗ ಬಂದ ರನ್ನುಗಳ ಲೆಕ್ಕ ಹಾಕಿದರೆ ಮಾತ್ರ ಈ ಪುಟ್ಟ ಮೈಕಟ್ಟಿನ ಆಟಗಾರನ ಎತ್ತರ ತಿಳಿಯುತ್ತದೆ.

ಭದ್ರಾ ನದಿಯ ದಂಡೆಯ ಮೇಲಿನ ಭದ್ರಾವತಿಗೆ ಹಿಂದೆ ಬೆಂಕಿಪುರ ಎಂಬ ಹೆಸರಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರ ಆಸ್ಥೆಯಿಂದ ಮೈಸೂರು ಸಂಸ್ಥಾನ ಕಟ್ಟಿದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಇಲ್ಲಿ ಉತ್ಪಾದನೆ ಆರಂಭಿಸಿತು. ಮಲೆನಾಡಿನ ಅಂಚಿನ ಸಣ್ಣ ಊರು ಉಕ್ಕಿನ ಪಟ್ಟಣವಾಗಿ ಬೆಳೆದದ್ದು ಆಮೇಲೆಯೇ. ವಿಶ್ವನಾಥ್ ಹುಟ್ಟೂರು ಇದಾದರೂ ಅವರು ಬೆಳೆದದ್ದು, ಆಟ ಕಲಿತದ್ದು ಬೆಂಗಳೂರಿನಲ್ಲಿ. ಭದ್ರಾವತಿಯ ಹೆಸರನ್ನು ಕ್ರಿಕೆಟ್ ಜಗತ್ತಿಗೆ ಪರಿಚಯಿಸಿದ ಮೊದಲಿಗರು ಅವರು.

ವಿಜಯವಾಡದಿಂದ ಕಾನ್ಪುರಕ್ಕೆ

1967ರ ನವೆಂಬರ್‌ನಲ್ಲಿ ವಿಜಯವಾಡದಲ್ಲಿ ಆಂಧ್ರ ವಿರುದ್ಧ ನಡೆದ ರಣಜಿ ಪಂದ್ಯದಲ್ಲಿ ವಿಶ್ವನಾಥ್ ಮೈಸೂರು ತಂಡಕ್ಕೆ ಮೊದಲ ಬಾರಿ ಆಡಿದರು. ಆಗ ಅವರಿಗೆ ಹದಿನೆಂಟು ವರ್ಷ. ಪ್ರಥಮ ದರ್ಜೆ ಕ್ರಿಕೆಟ್‌ನ ಚೊಚ್ಚಲ ಪಂದ್ಯದಲ್ಲೇ ಅವರು ಗಳಿಸಿದ್ದು 230 ರನ್.

ಎರಡು ವರ್ಷಗಳ ಬಳಿಕ, 1969ರ ನವೆಂಬರ್‌ನಲ್ಲಿ, ಬಿಲ್ ಲಾರಿ ನಾಯಕತ್ವದ ಆಸ್ಟ್ರೇಲಿಯಾ ವಿರುದ್ಧ ಕಾನ್ಪುರದಲ್ಲಿ ಟೆಸ್ಟ್ ಟೋಪಿ ಸಿಕ್ಕಿತು. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ. ಆಗಿನ ನಾಯಕ ಮನ್ಸೂರ್ ಅಲಿ ಖಾನ್ ಪಟೌಡಿ ಹುಡುಗನ ಬಳಿ ಬಂದು, ಚಿಂತೆ ಬೇಡ, ಶತಕ ಬರುತ್ತದೆ ಎಂದು ಧೈರ್ಯ ತುಂಬಿದ್ದನ್ನು ವಿಶ್ವನಾಥ್ ಮುಂದೆ ಹಲವು ಸಲ ನೆನಪಿಸಿಕೊಂಡಿದ್ದಾರೆ. ಎರಡನೇ ಇನಿಂಗ್ಸ್‌ನಲ್ಲಿ 137 ರನ್ ಬಂತು. ಅದರಲ್ಲಿ 25 ಬೌಂಡರಿಗಳಿದ್ದವು. ಪಂದ್ಯ ಡ್ರಾ ಆಯಿತು.

ಆ ದಿನಗಳಲ್ಲಿ ಭಾರತದ ಕ್ರಿಕೆಟ್ ವಲಯದಲ್ಲಿ ಒಂದು ಅಳುಕು ಬೇರೂರಿತ್ತು. ಚೊಚ್ಚಲ ಟೆಸ್ಟ್‌ನಲ್ಲಿ ಶತಕ ಹೊಡೆದ ಲಾಲಾ ಅಮರನಾಥ್, ದೀಪಕ್ ಶೋಧನ್, ಕೃಪಾಲ್ ಸಿಂಗ್, ಅಬ್ಬಾಸ್ ಅಲಿ ಬೇಗ್, ಹನುಮಂತ್ ಸಿಂಗ್ ಇವರಲ್ಲಿ ಯಾರಿಗೂ ಎರಡನೇ ಟೆಸ್ಟ್ ಶತಕ ದಕ್ಕಿರಲಿಲ್ಲ. ವಿಶ್ವನಾಥ್ ಕೂಡ ಮೂರು ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು. 1973ರ ಫೆಬ್ರುವರಿಯಲ್ಲಿ ಬಾಂಬೆಯಲ್ಲಿ ಇಂಗ್ಲೆಂಡ್ ವಿರುದ್ಧ 113 ರನ್ ಗಳಿಸಿ ಆ ಅಳುಕನ್ನು ಅವರು ಕೊನೆಗಾಣಿಸಿದರು. ಶತಕ ಪೂರ್ತಿಯಾಗುತ್ತಿದ್ದಂತೆ ಆರೂವರೆ ಅಡಿಯ ಟೋನಿ ಗ್ರೇಗ್ ಓಡಿಬಂದು, ಐದಡಿ ಮೂರಂಗುಲದ ಆಸುಪಾಸಿನ ವಿಶ್ವನಾಥ್ ಅವರನ್ನು ಎರಡೂ ಕೈಯಲ್ಲಿ ಎತ್ತಿ ಮಗುವಿನಂತೆ ತೂಗಿದರು. ಎದುರಾಳಿ ತಂಡದವರೂ ಸಂಭ್ರಮಿಸುವಂಥ ಆಟ ಅವರದು ಎಂಬುದಕ್ಕೆ ಆ ದೃಶ್ಯವೇ ಸಾಕ್ಷಿ.

ಇದರ ನಡುವೆ 1971ರ ಆಗಸ್ಟ್‌ನಲ್ಲಿ ಓವಲ್ ಅಂಗಳದಲ್ಲಿ ಅಜಿತ್ ವಾಡೇಕರ್ ನಾಯಕತ್ವದ ಭಾರತ ಇಂಗ್ಲೆಂಡ್ ನೆಲದಲ್ಲಿ ಮೊದಲ ಬಾರಿಗೆ ಟೆಸ್ಟ್ ಗೆದ್ದಿತು. ಬಿ.ಎಸ್. ಚಂದ್ರಶೇಖರ್ ಅವರ ಆರು ವಿಕೆಟ್ ಎಲ್ಲರ ನೆನಪಿನಲ್ಲಿದೆ. ಆ ಗೆಲುವಿನ ಗುರಿ ಬೆನ್ನಟ್ಟುವಾಗ ವಿಶ್ವನಾಥ್ ತಾಳ್ಮೆಯಿಂದ ಗಳಿಸಿದ 33 ರನ್ ಅಷ್ಟೇ ಬೆಲೆಯುಳ್ಳದ್ದು.

ಮಣಿಕಟ್ಟಿನ ಆಟ

ಸ್ಕ್ವೇರ್ ಕಟ್ ವಿಶ್ವನಾಥ್ ಅವರ ಹೆಸರಿಗೆ ಅಂಟಿಕೊಂಡ ಹೊಡೆತ. ಆಫ್ ಸ್ಟಂಪ್‌ನ ಹೊರಗೆ ಬೀಳುವ ಚೆಂಡಿಗೆ ಹಿಂಗಾಲನ್ನು ವಿಕೆಟ್‌ಗೆ ಅಡ್ಡಲಾಗಿ ಸರಿಸಿ, ಚೆಂಡು ಮೈಗೆ ಸಮಾನಾಂತರಕ್ಕೆ ಬರುವವರೆಗೂ ಕಾದು, ಕೊನೆ ಗಳಿಗೆಯಲ್ಲಿ ಮಣಿಕಟ್ಟು ತಿರುಗಿಸಿ ಪಾಯಿಂಟ್ ಕಡೆಗೆ ಹೊಡೆಯುತ್ತಿದ್ದರು. ಎತ್ತರ ಕಡಿಮೆಯಿದ್ದುದು ಇಲ್ಲಿ ಅನುಕೂಲವೇ ಆಯಿತು. ಬೇರೆಯವರ ಸೊಂಟದ ಮಟ್ಟಕ್ಕೆ ಬರುವ ಚೆಂಡು ಅವರ ಎದೆಮಟ್ಟಕ್ಕೆ ಏರುತ್ತಿತ್ತು. ಬೆರಳುಗಳ ಮೇಲೆ ನಿಂತು ಮೇಲಿನಿಂದ ಕೆಳಕ್ಕೆ ಬ್ಯಾಟ್ ಬೀಸಿ ಚೆಂಡನ್ನು ನೆಲಕ್ಕೆ ಒತ್ತಿ ಕಳಿಸುತ್ತಿದ್ದರು. ತಡವಾಗಿ ಆಡುವುದರಿಂದ, ಫೀಲ್ಡರ್ ಎಡಕ್ಕೆ ಸರಿದರೆ ಬಲಕ್ಕೆ, ಬಲಕ್ಕೆ ಸರಿದರೆ ಎಡಕ್ಕೆ ಚೆಂಡನ್ನು ತೂರಿಸಲು ಅವಕಾಶ ಸಿಗುತ್ತಿತ್ತು. ಆನ್ ಸೈಡ್‌ನಲ್ಲಿ ಫ್ಲಿಕ್, ವಿಕೆಟ್ ಹಿಂಭಾಗಕ್ಕೆ ಲೇಟ್ ಕಟ್ ಕೂಡ ಇದೇ ಮಣಿಕಟ್ಟಿನ ಬಲದಿಂದ ಬಂದವು.

ಇಂಥ ಹೊಡೆತಗಳಲ್ಲಿ ಅಪಾಯವೂ ಇದೆ. ಸಲೀಸಾದ ಪಿಚ್‌ನಲ್ಲಿ, ಸಾಧಾರಣ ಬೌಲಿಂಗ್ ಎದುರು ಅವರು ಅನಗತ್ಯವಾಗಿ ವಿಕೆಟ್ ಒಪ್ಪಿಸಿದ ದಿನಗಳಿವೆ. ಪಿಚ್ ಕೆಟ್ಟದಾಗಿದ್ದಾಗ, ವೇಗಿಗಳು ಉರಿಯುತ್ತಿದ್ದಾಗ ಅವರ ಆಟ ಬಿಗಿಯಾಗುತ್ತಿತ್ತು.

ಮದ್ರಾಸ್‌ನ 97

ಅದಕ್ಕೆ ದೊಡ್ಡ ನಿದರ್ಶನ 1974–75ರ ವೆಸ್ಟ್ ಇಂಡೀಸ್ ಸರಣಿ. ಕ್ಲೈವ್ ಲಾಯ್ಡ್ ತಂಡ ಬೆಂಗಳೂರು ಮತ್ತು ದೆಹಲಿಯ ಮೊದಲೆರಡು ಟೆಸ್ಟ್‌ಗಳನ್ನು ಗೆದ್ದುಕೊಂಡಿತ್ತು. ಕಲ್ಕತ್ತದ ಮೂರನೇ ಟೆಸ್ಟ್‌ನಲ್ಲಿ ವಿಶ್ವನಾಥ್ 52 ಮತ್ತು 139 ರನ್ ಗಳಿಸಿದರು. ಭಾರತ 85 ರನ್‌ಗಳಿಂದ ಗೆದ್ದಿತು.

ನಾಲ್ಕನೇ ಟೆಸ್ಟ್ 1975ರ ಜನವರಿಯಲ್ಲಿ ಮದ್ರಾಸ್‌ನ ಚೆಪಾಕ್‌ನಲ್ಲಿ ನಡೆಯಿತು. ಪುಟಿಯುವ ಪಿಚ್‌ನಲ್ಲಿ ಆ್ಯಂಡಿ ರಾಬರ್ಟ್ಸ್ 64 ರನ್‌ಗೆ ಏಳು ವಿಕೆಟ್ ಕಿತ್ತರು. ಒಂದು ತುದಿಯಲ್ಲಿ ವಿಕೆಟ್‌ಗಳು ಉರುಳುತ್ತಿದ್ದಾಗ ಇನ್ನೊಂದು ತುದಿಯಲ್ಲಿ ವಿಶ್ವನಾಥ್ ರಾಬರ್ಟ್ಸ್ ಅವರನ್ನೇ ಕಟ್ ಮಾಡುತ್ತ, ಡ್ರೈವ್ ಮಾಡುತ್ತ ನಿಂತರು. ಬಾಲಂಗೋಚಿಗಳಾದ ಬಿಷನ್ ಸಿಂಗ್ ಬೇಡಿ ಮತ್ತು ಚಂದ್ರಶೇಖರ್ ಅವರಿಗೆ ಆದಷ್ಟು ಕಡಿಮೆ ಚೆಂಡು ಸಿಗುವಂತೆ ನೋಡಿಕೊಂಡು ರನ್ ಸೇರಿಸಿದರು. ಕೊನೆಯವರಾಗಿ ಚಂದ್ರಶೇಖರ್ ಔಟಾದಾಗ ತಂಡದ ಮೊತ್ತ 190. ವಿಶ್ವನಾಥ್ ಅಜೇಯ 97. ಶತಕಕ್ಕೆ ಮೂರೇ ರನ್ ಬಾಕಿಯಿತ್ತು. ಭಾರತ ಆ ಪಂದ್ಯವನ್ನು 100 ರನ್‌ಗಳಿಂದ ಗೆದ್ದು ಸರಣಿಯನ್ನು 2–2ಕ್ಕೆ ತಂದಿತು. ಬಾಂಬೆಯ ಕೊನೆಯ ಟೆಸ್ಟ್‌ನಲ್ಲೂ ಅವರು 95 ರನ್ ಗಳಿಸಿದರು, ಆದರೆ ಪಂದ್ಯ ಮತ್ತು ಸರಣಿ ವೆಸ್ಟ್ ಇಂಡೀಸ್ ಪಾಲಾಯಿತು. ಆ ಸರಣಿಯಲ್ಲಿ ವಿಶ್ವನಾಥ್ ಒಟ್ಟು 568 ರನ್ ಕಲೆಹಾಕಿದ್ದರು. ಟೆಸ್ಟ್ ಇತಿಹಾಸದ ನೂರು ಶ್ರೇಷ್ಠ ಇನಿಂಗ್ಸ್‌ಗಳನ್ನು ವಿಸ್ಡನ್ 2001ರಲ್ಲಿ ಪಟ್ಟಿ ಮಾಡಿದಾಗ ಶತಕವಲ್ಲದ ಈ 97ಕ್ಕೆ 38ನೇ ಸ್ಥಾನ ಸಿಕ್ಕಿತು.

1976ರ ಏಪ್ರಿಲ್‌ನಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಅದೇ ವೆಸ್ಟ್ ಇಂಡೀಸ್ ಭಾರತಕ್ಕೆ 403 ರನ್‌ಗಳ ಗುರಿ ನೀಡಿತು. ಸುನಿಲ್ ಗಾವಸ್ಕರ್ 102, ಮೋಹಿಂದರ್ ಅಮರನಾಥ್ 85, ವಿಶ್ವನಾಥ್ 112 ರನ್ ಗಳಿಸಿದರು. ಕರ್ನಾಟಕದವರೇ ಆದ ಬ್ರಿಜೇಶ್ ಪಟೇಲ್ ಅಜೇಯ 49 ರನ್‌ಗಳೊಂದಿಗೆ ಗುರಿ ಮುಟ್ಟಿಸಿದರು. ಭಾರತ ನಾಲ್ಕೇ ವಿಕೆಟ್ ಕಳೆದುಕೊಂಡು 406 ರನ್ ಗಳಿಸಿತು. ಟೆಸ್ಟ್ ಕ್ರಿಕೆಟ್‌ನಲ್ಲಿ ಅಲ್ಲಿಯವರೆಗೆ ಯಾವ ತಂಡವೂ ನಾಲ್ಕನೇ ಇನಿಂಗ್ಸ್‌ನಲ್ಲಿ ಅಷ್ಟು ರನ್ ಗಳಿಸಿ ಗೆದ್ದಿರಲಿಲ್ಲ. ಮೂವರು ಸ್ಪಿನ್ನರ್‌ಗಳನ್ನು ನಂಬಿ ಸೋತ ಲಾಯ್ಡ್, ಮುಂದೆ ನಾಲ್ವರು ವೇಗಿಗಳ ದಾಳಿಯತ್ತ ಹೊರಳಿದರು.

ಕರ್ನಾಟಕಕ್ಕೆ ರಣಜಿ

1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. ಅದೇ ಋತುವಿನಲ್ಲಿ ಕರ್ನಾಟಕ ತಂಡ ರಣಜಿ ಟ್ರೋಫಿಯನ್ನು ಮೊದಲ ಬಾರಿಗೆ ಗೆದ್ದಿತು. 1958–59ರಿಂದ ಸತತ ಹದಿನೈದು ವರ್ಷ ಟ್ರೋಫಿ ಬಾಂಬೆಯ ಕೈಯಲ್ಲೇ ಇತ್ತು. ಬೆಂಗಳೂರಿನ ಸೆಮಿಫೈನಲ್‌ನಲ್ಲಿ ವಿಶ್ವನಾಥ್ ಅವರ 162 ಮತ್ತು ಬ್ರಿಜೇಶ್ ಪಟೇಲ್ ಅವರ ಶತಕದಿಂದ ಕರ್ನಾಟಕ 385 ರನ್ ಗಳಿಸಿತು. ನಾಯಕ ಇ.ಎ.ಎಸ್. ಪ್ರಸನ್ನ ಮತ್ತು ಚಂದ್ರಶೇಖರ್ ಅವರ ಸ್ಪಿನ್ ಎದುರು ಬಾಂಬೆಗೆ ಆ ಮೊತ್ತ ದಾಟಲಾಗಲಿಲ್ಲ. ಮೊದಲ ಇನಿಂಗ್ಸ್ ಮುನ್ನಡೆಯ ಬಲದಿಂದ ಫೈನಲ್ ತಲುಪಿದ ಕರ್ನಾಟಕ, ಜೈಪುರದಲ್ಲಿ ರಾಜಸ್ಥಾನವನ್ನು ಮಣಿಸಿತು. 1977–78ರಲ್ಲಿ ಉತ್ತರ ಪ್ರದೇಶ ವಿರುದ್ಧದ ಫೈನಲ್‌ನಲ್ಲಿ ವಿಶ್ವನಾಥ್ 247 ರನ್ ಗಳಿಸಿ ರಾಜ್ಯಕ್ಕೆ ಎರಡನೇ ಟ್ರೋಫಿ ತಂದುಕೊಟ್ಟರು.

1978ರಿಂದ 1982ರ ನಡುವೆ ಟೆಸ್ಟ್ ಶತಕಗಳು ಸಾಲುಗಟ್ಟಿ ಬಂದವು: ಪಾಕಿಸ್ತಾನ ವಿರುದ್ಧ ಫೈಸಲಾಬಾದ್‌ನಲ್ಲಿ 145, ವೆಸ್ಟ್ ಇಂಡೀಸ್ ವಿರುದ್ಧ ಮದ್ರಾಸ್‌ನಲ್ಲಿ 124 ಮತ್ತು ಕಾನ್ಪುರದಲ್ಲಿ 179, ಆಸ್ಟ್ರೇಲಿಯಾ ವಿರುದ್ಧ ಬೆಂಗಳೂರಿನಲ್ಲಿ ಅಜೇಯ 161 ಮತ್ತು ದೆಹಲಿಯಲ್ಲಿ 131. 1979ರಲ್ಲಿ ಲಾರ್ಡ್ಸ್‌ನಲ್ಲಿ ಭಾರತ ಮೊದಲ ಇನಿಂಗ್ಸ್‌ನಲ್ಲಿ 96ಕ್ಕೆ ಉದುರಿದಾಗ, ಎರಡನೇ ಇನಿಂಗ್ಸ್‌ನಲ್ಲಿ ವಿಶ್ವನಾಥ್ 113, ದಿಲೀಪ್ ವೆಂಗ್‌ಸರ್ಕಾರ್ 103 ರನ್ ಗಳಿಸಿ ಪಂದ್ಯವನ್ನು ಉಳಿಸಿಕೊಂಡರು.

ಸೋಲಿಗಿಂತ ದೊಡ್ಡ ನಡೆ

ವಿಶ್ವನಾಥ್ ಭಾರತದ ನಾಯಕರಾಗಿದ್ದು ಎರಡೇ ಟೆಸ್ಟ್‌ಗಳಿಗೆ. ಮೊದಲನೆಯದು 1980ರ ಆರಂಭದಲ್ಲಿ ಕಲ್ಕತ್ತದಲ್ಲಿ ಪಾಕಿಸ್ತಾನ ವಿರುದ್ಧ. ಅದು ಡ್ರಾ ಆಯಿತು. ಎರಡನೆಯದು ಫೆಬ್ರುವರಿಯಲ್ಲಿ ಬಾಂಬೆಯಲ್ಲಿ ಇಂಗ್ಲೆಂಡ್ ವಿರುದ್ಧ ನಡೆದ ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವ ಟೆಸ್ಟ್.

ಭಾರತದ 242 ರನ್‌ಗೆ ಉತ್ತರವಾಗಿ ಇಂಗ್ಲೆಂಡ್ 58 ರನ್‌ಗೆ ಐದು ವಿಕೆಟ್ ಕಳೆದುಕೊಂಡಿತ್ತು. ಇಯಾನ್ ಬಾಥಮ್ ಜೊತೆ ವಿಕೆಟ್ ಕೀಪರ್ ಬಾಬ್ ಟೇಲರ್ ಕ್ರೀಸಿನಲ್ಲಿದ್ದರು. ಕಪಿಲ್ ದೇವ್ ಬೌಲಿಂಗ್‌ನಲ್ಲಿ ವಿಕೆಟ್ ಹಿಂದೆ ಕ್ಯಾಚ್‌ಗೆ ಮನವಿ ಬಂತು, ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಗುಲಲಿಲ್ಲ ಎಂಬಂತೆ ಟೇಲರ್ ತಡವರಿಸಿದರು. ಸ್ಲಿಪ್‌ನಲ್ಲಿ ನಿಂತಿದ್ದ ವಿಶ್ವನಾಥ್‌ಗೂ ಹಾಗೆಯೇ ಅನ್ನಿಸಿತ್ತು. ಅವರು ಅಂಪೈರ್ ಬಳಿ ಹೋಗಿ ಮನವಿಯನ್ನು ಹಿಂತೆಗೆದುಕೊಂಡು ಟೇಲರ್ ಅವರನ್ನು ಮತ್ತೆ ಆಡಲು ಕರೆದರು. ಟೇಲರ್ 43 ರನ್ ಗಳಿಸಿದರು, ಬಾಥಮ್ 114. ಆರನೇ ವಿಕೆಟ್‌ಗೆ ಇಬ್ಬರೂ ಸೇರಿಸಿದ್ದು 171 ರನ್. ಬಾಥಮ್ ಪಂದ್ಯದಲ್ಲಿ 13 ವಿಕೆಟ್‌ಗಳನ್ನೂ ಕಿತ್ತರು. ಇಂಗ್ಲೆಂಡ್ ಹತ್ತು ವಿಕೆಟ್‌ಗಳಿಂದ ಗೆದ್ದಿತು. ಆ ನಿರ್ಧಾರ ತಂಡಕ್ಕೆ ದುಬಾರಿಯಾಯಿತು, ನಿಜ. ಔಟಾಗದವನನ್ನು ಔಟೆಂದು ಕಳಿಸಿ ಪಡೆಯುವ ಗೆಲುವು ಬೇಡವೆಂದ ಆ ನಡೆ ಇಂದಿಗೂ ಕ್ರೀಡಾ ಮನೋಭಾವದ ಮಾತು ಬಂದಾಗಲೆಲ್ಲ ಮೊದಲು ನೆನಪಾಗುತ್ತದೆ.

ಮೆಲ್ಬರ್ನ್, ಮದ್ರಾಸ್, ಕರಾಚಿ

1981ರ ಫೆಬ್ರುವರಿಯಲ್ಲಿ ಮೆಲ್ಬರ್ನ್‌ಗೆ ಬರುವಾಗ ಭಾರತ ಸರಣಿಯಲ್ಲಿ 0–1ರಿಂದ ಹಿಂದಿತ್ತು. ಡೆನಿಸ್ ಲಿಲ್ಲಿ, ಲೆನ್ ಪ್ಯಾಸ್ಕೋ ದಾಳಿಯ ಎದುರು ಭಾರತದ ಮೊದಲ ಇನಿಂಗ್ಸ್ 237ಕ್ಕೆ ಮುಗಿಯಿತು. ಅದರಲ್ಲಿ ವಿಶ್ವನಾಥ್ ಪಾಲು 114. ಆಸ್ಟ್ರೇಲಿಯಾ 419 ರನ್ ಗಳಿಸಿದರೂ, ಎರಡನೇ ಇನಿಂಗ್ಸ್‌ನಲ್ಲಿ 143ರ ಗುರಿ ಮುಟ್ಟಲಾಗದೆ 83ಕ್ಕೆ ಕುಸಿಯಿತು. ಗಾಯದ ನೋವಿನಲ್ಲೇ ಬೌಲ್ ಮಾಡಿದ ಕಪಿಲ್ ದೇವ್ ಐದು ವಿಕೆಟ್ ಪಡೆದರು. ಸರಣಿ 1–1ರಿಂದ ಸಮವಾಯಿತು.

ಮುಂದಿನ ಋತುವಿನಲ್ಲಿ ಇಂಗ್ಲೆಂಡ್ ವಿರುದ್ಧ ದೆಹಲಿಯಲ್ಲಿ 107, 1982ರ ಜನವರಿಯಲ್ಲಿ ಮದ್ರಾಸ್‌ನಲ್ಲಿ 222. ಯಶ್ಪಾಲ್ ಶರ್ಮಾ ಜೊತೆ 316 ರನ್ ಸೇರಿಸಿದ ಆ ಇನಿಂಗ್ಸ್ ಅವರ ಟೆಸ್ಟ್ ಜೀವನದ ಅತ್ಯಧಿಕ ಮೊತ್ತ. ಅದೇ ಕೊನೆಯ ಶತಕ ಕೂಡ. 1982–83ರ ಪಾಕಿಸ್ತಾನ ಪ್ರವಾಸದಲ್ಲಿ ಇಮ್ರಾನ್ ಖಾನ್ ಅವರ ರಿವರ್ಸ್ ಸ್ವಿಂಗ್ ಭಾರತದ ಬ್ಯಾಟಿಂಗ್ ಸಾಲನ್ನೇ ನಡುಗಿಸಿತು. ಆರು ಟೆಸ್ಟ್‌ಗಳಲ್ಲೂ ವಿಶ್ವನಾಥ್ ಬ್ಯಾಟ್ ಸದ್ದು ಮಾಡಲಿಲ್ಲ. 1983ರ ಫೆಬ್ರುವರಿಯಲ್ಲಿ ಮುಗಿದ ಕರಾಚಿ ಟೆಸ್ಟ್ ಅವರ ಕೊನೆಯ ಪಂದ್ಯವಾಯಿತು. 1971ರಿಂದ ಅಲ್ಲಿಯವರೆಗೆ ಒಂದನ್ನೂ ತಪ್ಪಿಸದೆ ಅವರು ಸತತ 87 ಟೆಸ್ಟ್ ಆಡಿದ್ದರು.

ಏಕದಿನ ಕ್ರಿಕೆಟ್ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲದಲ್ಲಿ 25 ಪಂದ್ಯ ಆಡಿ 439 ರನ್ ಗಳಿಸಿದರು. 1975 ಮತ್ತು 1979ರ ವಿಶ್ವಕಪ್‌ಗಳಲ್ಲಿ ಆಡಿದರು. ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ 44 ಶತಕಗಳೊಂದಿಗೆ ಅವರ ಒಟ್ಟು ಗಳಿಕೆ 17,970 ರನ್.

ನಿವೃತ್ತಿಯ ನಂತರ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾಗಿ, 1999ರಿಂದ 2004ರವರೆಗೆ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯ ಮ್ಯಾಚ್ ರೆಫರಿಯಾಗಿ ಕೆಲಸ ಮಾಡಿದರು. ಅರ್ಜುನ ಪ್ರಶಸ್ತಿ ಮತ್ತು ಭಾರತೀಯ ಕ್ರಿಕೆಟ್ ಮಂಡಳಿಯ ಸಿ.ಕೆ. ನಾಯುಡು ಜೀವಮಾನ ಸಾಧನೆ ಪ್ರಶಸ್ತಿ ಅವರಿಗೆ ಸಂದಿವೆ. ಅವರ ಆತ್ಮಕಥೆ ‘ರಿಸ್ಟ್ ಅಶ್ಯೂರ್ಡ್’ 2022ರಲ್ಲಿ ಪ್ರಕಟವಾಯಿತು. ಗಾವಸ್ಕರ್ ಅವರ ತಂಗಿಯನ್ನು ವಿವಾಹವಾದ ವಿಶ್ವನಾಥ್, ಭಾರತದ ಬ್ಯಾಟಿಂಗ್‌ನಲ್ಲಿ ಒಂದು ದಶಕ ಗಾವಸ್ಕರ್ ಅವರ ಸಮಕ್ಕೆ ನಿಂತವರು. ಗಾವಸ್ಕರ್ ತಮ್ಮ ಮಗನ ಹೆಸರಿನಲ್ಲಿ ರೋಹನ್ ಕನ್ಹಾಯ್, ಎಂ.ಎಲ್. ಜಯಸಿಂಹ ಜೊತೆಗೆ ವಿಶ್ವನಾಥ್ ಹೆಸರನ್ನೂ ಸೇರಿಸಿದ್ದು ಆ ಗೌರವದಿಂದಲೇ.

ಹದಿನಾಲ್ಕು ಶತಕಗಳಲ್ಲಿ ಆಸ್ಟ್ರೇಲಿಯಾ, ಇಂಗ್ಲೆಂಡ್, ವೆಸ್ಟ್ ಇಂಡೀಸ್ ತಂಡಗಳ ವಿರುದ್ಧ ತಲಾ ನಾಲ್ಕು. ಪಾಕಿಸ್ತಾನ, ನ್ಯೂಜಿಲೆಂಡ್ ವಿರುದ್ಧ ತಲಾ ಒಂದು. ಪ್ರಬಲ ತಂಡಗಳ ಎದುರು ಹೊಡೆದ ಅಷ್ಟೂ ಶತಕಗಳಲ್ಲಿ ಒಂದೂ ವ್ಯರ್ಥವಾಗಲಿಲ್ಲ. ಕರ್ನಾಟಕದಿಂದ ವಿಶ್ವನಾಥ್ ಅವರಿಗಿಂತ ಹೆಚ್ಚು ರನ್ ಗಳಿಸಿದ ಬ್ಯಾಟ್ಸ್‌ಮನ್ ಬಂದಿದ್ದಾರೆ. ಅವರಿಗಿಂತ ಬೆಲೆಬಾಳುವ ರನ್ ಗಳಿಸಿದವರು ಬಂದಿಲ್ಲ.