ಲಕ್ಷದ ಸ್ಪೀಕರ್: ಕೇಳಿದ್ದೆಷ್ಟು, ಕಂಡದ್ದೆಷ್ಟು?

ಒಂದಡಿ ಎತ್ತರದ ಎರಡು ಪೆಟ್ಟಿಗೆ, ಬೆಲೆ ಲಕ್ಷದ ಮೇಲೆ. ಬುಕ್‌ಶೆಲ್ಫ್ ಸ್ಪೀಕರ್ ಎನ್ನುವ ಈ ಜೋಡಿಯನ್ನು ಮನೆಗೆ ತಂದವರ ಬಾಯಲ್ಲಿ ಮೊದಮೊದಲು ಬರುವ ಮಾತುಗಳು ಬಹುಮಟ್ಟಿಗೆ ಒಂದೇ ಬಗೆಯವು. ಹಾಡುವವರು ಎದುರಿಗೇ ಕೂತಂತಿದೆ, ಬೇಸ್ ಯಾಕೋ ಸಾಲದು, ಇನ್ನೂ ಪಳಗಬೇಕು, ವೈರ್ ಬದಲಿಸಿದ ಮೇಲೆ ಕಳೆಯೇ ಬೇರೆಯಾಯಿತು. ಇವುಗಳಲ್ಲಿ ಕೆಲವು ಸ್ಪೀಕರಿನ ಗುಣಗಳು. ಕೆಲವು ಕೋಣೆ ಸೇರಿಸಿದವು. ಇನ್ನು ಕೆಲವು ಕೊಟ್ಟ ದುಡ್ಡು ಆಡಿಸಿದ ಮಾತುಗಳು.

ತಪ್ಪು ಕಲ್ಪನೆ 1: ಬೆಲೆ ಹೆಚ್ಚಿದ್ದರೆ ಚಿಕ್ಕ ಪೆಟ್ಟಿಗೆಯಿಂದಲೂ ದೊಡ್ಡ ಬೇಸ್ ಬರುತ್ತದೆ

ಸತ್ಯ: ಪೆಟ್ಟಿಗೆ ಚಿಕ್ಕದಿರಬೇಕು, ಬೇಸ್ ಆಳಕ್ಕಿಳಿಯಬೇಕು, ಕಡಿಮೆ ವ್ಯಾಟಿಗೇ ಜೋರಾಗಿ ನುಡಿಯಬೇಕು. ಈ ಮೂರು ಆಸೆಗಳಲ್ಲಿ ಎರಡು ಮಾತ್ರ ಕೈಗೂಡುತ್ತವೆ. ಹಾಫ್‌ಮನ್ ನಿಯಮವೆಂದು ಹೆಸರಾದ ಈ ಕಟ್ಟುಪಾಡಿಗೆ ಬೆಲೆಯ ಹಂಗಿಲ್ಲ. ಒಂದು ಸ್ಥಾಯಿ ಕೆಳಗಿಳಿದು ಅಷ್ಟೇ ಜೋರಾಗಿ ನುಡಿಯಬೇಕಾದರೆ ಬೇಸ್ ನುಡಿಸುವ ವೂಫರಿನ ಕೋನ್ ನಾಲ್ಕು ಪಟ್ಟು ಹೆಚ್ಚು ಹಿಂದೆಮುಂದೆ ಆಡಬೇಕು. ಐದಿಂಚಿನ ಕೋನಿಗೆ ಅಷ್ಟು ಆಟವಿರುವುದಿಲ್ಲ.

ಈ ವರ್ಗದ ಅತ್ಯಂತ ಹೆಸರುವಾಸಿ ಸ್ಪೀಕರ್ ಎಲ್‌ಎಸ್3/5ಎ. ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಕೂತು ದನಿಯನ್ನು ಪರೀಕ್ಷಿಸಲು ಬಿಬಿಸಿಯ ಎಂಜಿನಿಯರುಗಳು 1970ರ ದಶಕದಲ್ಲಿ ರೂಪಿಸಿದ್ದು ಅದು. ಪೆಟ್ಟಿಗೆಯೊಳಗಿನ ಜಾಗ ಸುಮಾರು ಐದು ಲೀಟರ್. 1 ವ್ಯಾಟಿಗೆ 1 ಮೀಟರ್ ದೂರದಲ್ಲಿ ಅದು ಕೊಡುವುದು 82-83 ಡೆಸಿಬೆಲ್ ಮಾತ್ರ, ಆಳದ ಬೇಸಂತೂ ಇಲ್ಲ. ಆದರೂ ಕೇಳಿದವರಿಗೆ ದನಿ ಬಡಕಲೆನಿಸದು. 100 ಹರ್ಟ್ಜ್‌ನಿಂದ ಸ್ವಲ್ಪ ಮೇಲಕ್ಕೆ ಅದರ ಸ್ವರದಲ್ಲಿ ಒಂದು ಸಣ್ಣ ಉಬ್ಬಿದೆ. ಕಿವಿ ಅದನ್ನೇ ಬೇಸೆಂದು ಒಪ್ಪಿಕೊಳ್ಳುತ್ತದೆ. ಎಲ್‌ಎಸ್3/5ಎಯಿಂದಲೇ ಸ್ಫೂರ್ತಿ ಪಡೆದು ಕೆಇಎಫ್ ಕಂಪನಿ ತನ್ನ ಐವತ್ತನೆಯ ವರ್ಷದ ನೆನಪಿಗೆ 2012ರಲ್ಲಿ ಹೊರತಂದ ಎಲ್‌ಎಸ್50 ಕೂಡ ಇದೇ ಜಾತಿಯದು.

ಹಾಗಾದರೆ ಹೆಚ್ಚಿನ ದುಡ್ಡಿಗೆ ಸಿಗುವುದೇನು? ಮನುಷ್ಯನ ದನಿ ಓಡಾಡುವ ಮಧ್ಯದ ಸ್ವರಗಳಲ್ಲಿ ಏರುಪೇರಿಲ್ಲದ ನುಡಿ, ತಾನೇ ದನಿಗೂಡಿಸದ ಪೆಟ್ಟಿಗೆ, ಎದುರಿಗೆ ಕೂತರೂ ಪಕ್ಕಕ್ಕೆ ಸರಿದರೂ ಬಣ್ಣ ಬದಲಿಸದ ಸ್ವರ. ‘ಎದುರಿಗೇ ಕೂತಂತಿದೆ’ ಎನ್ನಿಸುವುದು ಇವುಗಳಿಂದ.

ತಪ್ಪು ಕಲ್ಪನೆ 2: ಬೇಸ್ ಕಡಿಮೆಯಿರುವ ಸ್ಪೀಕರ್ ನಮ್ಮ ಸಂಗೀತಕ್ಕೆ ಒಗ್ಗದು

ಸತ್ಯ: ಯಾವ ಸಂಗೀತ ಎಂಬುದರ ಮೇಲೆ ನಿಂತಿದೆ. ಕಪ್ಪು ಒಂದರ ಶ್ರುತಿಯಲ್ಲಿ ಹಾಡುವ ಗಾಯಕರ ಮಧ್ಯ ಷಡ್ಜ ಸುಮಾರು 139 ಹರ್ಟ್ಜ್. ತಂಬೂರಿಯ ಮಂದ್ರ ಷಡ್ಜದ ತಂತಿ ಅದರ ಅರ್ಧ, ಅಂದರೆ 69 ಹರ್ಟ್ಜ್. ಒಳ್ಳೆಯ ಪುಟ್ಟ ಸ್ಪೀಕರ್ ಅಲ್ಲಿಯವರೆಗೆ ಹೇಗೋ ಇಳಿಯುತ್ತದೆ. ಇಳಿಯದಿದ್ದರೂ ದೊಡ್ಡ ನಷ್ಟವಿಲ್ಲ. ಒಂದು ಸ್ವರದ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟಿನ ಉಪಸ್ವರಗಳು ಕೇಳಿದರೆ ಸಾಕು, ಇಲ್ಲದ ಮೂಲಸ್ವರವನ್ನು ಮಿದುಳೇ ತುಂಬಿಕೊಳ್ಳುತ್ತದೆ. ತಂಬೂರಿಯ ಜೀವವೇ ಉಪಸ್ವರಗಳಲ್ಲಿದೆ. ಜವಾರಿ ಸರಿಯಾಗಿ ಕೂತ ತಂತಿಯ ಝೇಂಕಾರ ಬಿಡಿಬಿಡಿಯಾಗಿ ತೆರೆದುಕೊಳ್ಳುತ್ತದೆಯೋ, ಬರೀ ಗುಂಯ್‌ಗುಡುತ್ತದೆಯೋ ಎಂಬುದು ಸ್ಪೀಕರನ್ನು ಒರೆಗೆ ಹಚ್ಚುವ ಒಳ್ಳೆಯ ದಾರಿ.

ಡೊಳ್ಳಿನ ಎದೆಗುದ್ದು, ಇಂದಿನ ಸಿನಿಮಾ ಹಾಡುಗಳ ಸಿಂಥ್ ಬೇಸ್, 41 ಹರ್ಟ್ಜ್‌ಗೆ ಇಳಿಯುವ ಬೇಸ್ ಗಿಟಾರಿನ ಕೆಳತಂತಿ ಬೇಕೆನ್ನುವವರ ಮಾತು ಬೇರೆ. ಅವರು ಸಬ್‌ವೂಫರ್ ಸೇರಿಸುವುದೇ ನೇರ ಉಪಾಯ. ಇನ್ನೊಂದು ಸಂಗತಿಯಿದೆ. ವಾಲ್ಯೂಮ್ ಇಳಿಸಿದಷ್ಟೂ ನಮ್ಮ ಕಿವಿಗೆ ಬೇಸ್ ಉಳಿದ ಸ್ವರಗಳಿಗಿಂತ ಹೆಚ್ಚು ಸೊರಗಿ ಕೇಳುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಇದನ್ನು ಅಳೆದು ತೋರಿಸಿದರು. ಮಕ್ಕಳು ಮಲಗಿದ ಮೇಲೆ ಸಣ್ಣಗೆ ಹಾಕಿಕೊಂಡು ಕೇಳಿ, ಬೇಸ್ ಇಲ್ಲವೆಂದು ಸ್ಪೀಕರನ್ನು ದೂರುವುದು ಸರಿಯಲ್ಲ.

ತಪ್ಪು ಕಲ್ಪನೆ 3: ಅಂಗಡಿಯಲ್ಲಿ ಕೇಳಿದ ದನಿಯೇ ಮನೆಯಲ್ಲೂ ಕೇಳುತ್ತದೆ

ಸತ್ಯ: ಬೇಸಿನ ಮಟ್ಟಿಗೆ ಕೋಣೆಯ ಮಾತೇ ಹೆಚ್ಚು ನಡೆಯುತ್ತದೆ. 12 ಅಡಿ ಉದ್ದ, 10 ಅಡಿ ಅಗಲದ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಬಡಿದು ನಿಲ್ಲುವ ಮೊದಲ ಅಲೆಗಳು ಸುಮಾರು 47 ಮತ್ತು 56 ಹರ್ಟ್ಜ್‌ನಲ್ಲಿರುತ್ತವೆ. ಆ ಸ್ವರಗಳು ಗೋಡೆಯ ಬದಿಯಲ್ಲಿ ಗುಮ್ಮೆನ್ನುತ್ತವೆ, ನಟ್ಟನಡುವೆ ಮಾಯವಾಗುತ್ತವೆ. ಗೋಡೆಗೆ ಒತ್ತಿಟ್ಟ ಸೋಫಾದಲ್ಲಿ ಕೂತವರಿಗೆ ಬೇಸ್ ವಿಪರೀತ, ಕೋಣೆಯ ಮಧ್ಯೆ ಕುರ್ಚಿ ಹಾಕಿಕೊಂಡವರಿಗೆ ಬೇಸೇ ಇಲ್ಲ. ಸ್ಪೀಕರ್ ಒಂದೇ, ಅಭಿಪ್ರಾಯ ಎರಡು.

ಅಮೆರಿಕದ ಮನೆಗಳಲ್ಲಿ ಸಾಮಾನ್ಯವಾದ ಮರದ ಚೌಕಟ್ಟಿನ ತೆಳು ಗೋಡೆ ಬೇಸನ್ನು ಒಂದಿಷ್ಟು ಹೊರಕ್ಕೆ ಬಿಟ್ಟುಕೊಡುತ್ತದೆ. ನಮ್ಮ ಇಟ್ಟಿಗೆ, ಕಾಂಕ್ರೀಟ್ ಗೋಡೆಗಳು ಅದನ್ನು ಒಳಗೇ ಹಿಡಿದಿಡುತ್ತವೆ. ಅಲ್ಲಿನ ವಿಮರ್ಶಕರು ‘ಬೇಸ್ ತುಸು ಕಡಿಮೆ’ ಎಂದ ಸ್ಪೀಕರ್ ಬೆಂಗಳೂರಿನ ಫ್ಲಾಟಿನಲ್ಲಿ ಸರಿಯಾಗಿಯೇ ಕೇಳಬಹುದು. ಮೇಲಿನ ಸ್ವರಗಳ ಕಷ್ಟ ಬೇರೆ ಥರದ್ದು: ಗ್ರಾನೈಟ್ ಅಥವಾ ವಿಟ್ರಿಫೈಡ್ ಟೈಲ್ಸ್ ನೆಲ, ಬರಿಗೋಡೆ, ಗಾಜಿನ ಕಿಟಕಿ ಸೇರಿದರೆ ಪಿಟೀಲು ಕಿವಿಗೆ ಚುಚ್ಚುತ್ತದೆ. ಅದಕ್ಕೆ ಜಮಖಾನ, ದಪ್ಪ ಪರದೆ, ಪುಸ್ತಕ ತುಂಬಿದ ಕಪಾಟು ಸಾಕು. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುವುದರಿಂದ ಬೇಸಿನ ಗುಮ್ಮು ಕಡಿಮೆಯಾಗದು. ತೆಳು ಫೋಮ್ ಹಾಳೆಯೂ ಬೇಸನ್ನು ತಡೆಯದು.

ಇಡುವ ಜಾಗವೂ ಅಷ್ಟೇ ಮುಖ್ಯ. ಹಿಂದಿನ ಗೋಡೆಯಿಂದ 1 ಮೀಟರ್ ದೂರವಿಟ್ಟರೆ, ಗೋಡೆಗೆ ಬಡಿದು ಬಂದ ಅಲೆ 86 ಹರ್ಟ್ಜ್ ಆಸುಪಾಸಿನಲ್ಲಿ ನೇರ ಅಲೆಯನ್ನು ಹೊಡೆದುಹಾಕುತ್ತದೆ. ಅರ್ಧ ಮೀಟರಿಗೆ ಸರಿಸಿದರೆ ಆ ತಗ್ಗು 171ಕ್ಕೆ ಏರುತ್ತದೆ. ಅಂಗೈಯಗಲ ಸರಿಸಿದರೂ ದನಿ ಬದಲಾಗುವುದು ಇದಕ್ಕೇ. ಟಿವಿ ಶೋಕೇಸಿನ ಗೂಡಿನೊಳಗೆ ತುರುಕಿದರೆ ದನಿ ಮಂಕಾಗುತ್ತದೆ. ಗಟ್ಟಿ ಸ್ಟ್ಯಾಂಡಿನ ಮೇಲೆ, ಮೇಲಿನ ಸ್ವರ ನುಡಿಸುವ ಟ್ವೀಟರ್ ಕಿವಿಯ ಎತ್ತರಕ್ಕೆ ಬರುವಂತೆ, ಎರಡು ಸ್ಪೀಕರ್ ಮತ್ತು ಕೇಳುವವರು ಸಮಬಾಹು ತ್ರಿಕೋನವಾಗುವಂತೆ ಇಡುವುದು ಆರಂಭಕ್ಕೆ ಸರಿಯಾದ ಕ್ರಮ.

ತಪ್ಪು ಕಲ್ಪನೆ 4: ಅಳತೆ ಯಾಕೆ, ನನ್ನ ಕಿವಿ ಸುಳ್ಳು ಹೇಳದು

ಸತ್ಯ: ಕಿವಿ ಹೇಳದಿರಬಹುದು, ಕಣ್ಣು ಸುಮ್ಮನಿರುವುದಿಲ್ಲ. ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬ ಸಂಶೋಧಕರು 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 40 ಮಂದಿ ಅವೇ ಸ್ಪೀಕರುಗಳನ್ನು ಕಣ್ಣಾರೆ ನೋಡುತ್ತಲೂ, ಪರದೆಯ ಮರೆಯಲ್ಲಿಟ್ಟೂ ಕೇಳಿ ಅಂಕ ಕೊಟ್ಟರು. ನೋಡುತ್ತ ಕೇಳಿದಾಗ ದೊಡ್ಡ, ದುಬಾರಿ ಪೆಟ್ಟಿಗೆಗಳು ಮೇಲೇರಿದವು, ಅಗ್ಗದ ಚಿಕ್ಕ ಸೆಟ್ ಕೆಳಗಿಳಿಯಿತು. ಮರೆಯಲ್ಲಿಟ್ಟಾಗ ಆ ಅಂತರ ಕುಗ್ಗಿತು. ಸ್ಪೀಕರಿನ ಜಾಗ ಬದಲಿಸಿದ್ದರಿಂದ ಆದ ವ್ಯತ್ಯಾಸವನ್ನು ಅದೇ ಮಂದಿ ಪರದೆಯಿದ್ದಾಗ ಗುರುತಿಸಿದರು. ಕಣ್ಣೆದುರಿಗಿದ್ದಾಗ ಅದು ಅವರ ಗಮನಕ್ಕೆ ಅಷ್ಟಾಗಿ ಬರಲಿಲ್ಲ. ಕೇಳುವವರು ಪ್ರಾಮಾಣಿಕರೇ ಆಗಿದ್ದರೂ ಹೀಗಾಗುತ್ತದೆ.

ಇದರ ಜೊತೆಗೆ ವಾಲ್ಯೂಮಿನ ಮೋಸವಿದೆ. ಹೋಲಿಸುವ ಎರಡು ಸ್ಪೀಕರುಗಳಲ್ಲಿ ಒಂದು 1 ಡೆಸಿಬೆಲ್‌ನಷ್ಟು ಜೋರಾಗಿದ್ದರೆ ನಮಗೆ ‘ಜೋರು’ ಅನ್ನಿಸದು, ‘ಚೆನ್ನ’ ಅನ್ನಿಸುತ್ತದೆ. ವಾಲ್ಯೂಮ್ ಸರಿಸಮ ಮಾಡದೆ ಹೋಲಿಸಿದ ಮಾತಿಗೆ ಬೆಲೆಯಿಲ್ಲ.

ತಪ್ಪು ಕಲ್ಪನೆ 5: ದುಬಾರಿ ವೈರ್ ಹಾಕಿದರೆ ದನಿ ಅರಳುತ್ತದೆ

ಸತ್ಯ: ಮನೆ ವೈರಿಂಗಿಗೆ ಬಳಸುವ 2.5 ಚದರ ಮಿಲಿಮೀಟರ್ ತಾಮ್ರದ ವೈರನ್ನು ಸ್ಪೀಕರಿಗೆ 3 ಮೀಟರ್ ಎಳೆದರೆ, ಹೋಗಿಬರುವ ದಾರಿಯ ಒಟ್ಟು ರೋಧ ಸುಮಾರು 0.04 ಓಮ್. 8 ಓಮ್ ಸ್ಪೀಕರಿನಲ್ಲಿ ಅದರಿಂದಾಗುವ ನಷ್ಟ ಒಂದು ಡೆಸಿಬೆಲ್ಲಿನ ಇಪ್ಪತ್ತನೇ ಒಂದು ಭಾಗ. ಕೂದಲಿನಂಥ ವೈರನ್ನು ತುಂಬ ದೂರ ಎಳೆದರೆ ಮಾತ್ರ ವ್ಯತ್ಯಾಸ ಕೇಳುತ್ತದೆ. ನಿಜಕ್ಕೂ ನೋಡಬೇಕಾದದ್ದು ಪ್ಲಸ್-ಮೈನಸ್. ಒಂದು ಸ್ಪೀಕರಿಗೆ ಅದು ಅದಲುಬದಲಾದರೆ ಬೇಸ್ ಕರಗುತ್ತದೆ, ನಡುವೆ ಕೂತು ಹಾಡಬೇಕಾದವರು ಕೋಣೆಯೆಲ್ಲ ಚದುರಿಹೋಗುತ್ತಾರೆ.

ತಪ್ಪು ಕಲ್ಪನೆ 6: ನೂರಾರು ಗಂಟೆ ನುಡಿಸಿದರೇ ಸ್ಪೀಕರ್ ಪಳಗುವುದು

ಸತ್ಯ: ಕೋನನ್ನು ಹಿಡಿದಿರುವ ಅಂಚು ಮೊದಲ ಕೆಲವು ಗಂಟೆಗಳಲ್ಲಿ ಕೊಂಚ ಸಡಿಲಗೊಳ್ಳುವುದು ನಿಜ. ವಾರಗಟ್ಟಲೆ ಪಳಗುವುದು ಹೆಚ್ಚಾಗಿ ನಮ್ಮ ಕಿವಿ. ಪಳಗಿದ ಮೇಲೆ ಸರಿಹೋಗುತ್ತದೆಂಬ ಭರವಸೆಯ ಮೇಲೆ, ಮೊದಲ ದಿನವೇ ಕಿರಿಕಿರಿಯೆನಿಸಿದ ಸ್ಪೀಕರನ್ನು ವಾಪಸು ಕೊಡುವ ಗಡುವು ಮೀರಲು ಬಿಡಬೇಡಿ.

ತಪ್ಪು ಕಲ್ಪನೆ 7: ಆಂಪ್ಲಿಫೈಯರ್ 50ರ ಬದಲು 100 ವ್ಯಾಟ್ ಆದರೆ ದನಿ ಎರಡು ಪಟ್ಟು

ಸತ್ಯ: ವ್ಯಾಟ್ ದುಪ್ಪಟ್ಟಾದರೆ ಏರುವುದು 3 ಡೆಸಿಬೆಲ್. ಎರಡು ಪಟ್ಟು ಜೋರೆನ್ನಿಸಲು ಹತ್ತು ಪಟ್ಟು ವ್ಯಾಟ್ ಬೇಕು. ಮನೆಯಲ್ಲಿ ಹಿತವಾಗಿ ಕೇಳುವಾಗ ಖರ್ಚಾಗುವುದು ಒಂದು ವ್ಯಾಟಿಗೂ ಕಡಿಮೆ. ಉಳಿದದ್ದು ಮೃದಂಗದ ಪೆಟ್ಟಿನಂಥ ಕ್ಷಣಗಳಿಗೆ.

ಕೊಳ್ಳುವ ಮುನ್ನ ಸಾಧ್ಯವಾದರೆ ಸ್ಪೀಕರನ್ನು ಮನೆಗೇ ತರಿಸಿ ಕೇಳಿ. ನಿಮಗೆ ಚಿರಪರಿಚಿತವಾದ ಆಲಾಪ, ಮನೆಯವರೊಬ್ಬರ ಮಾತಿನ ರೆಕಾರ್ಡಿಂಗ್, ಒಂದು ತನಿ ಆವರ್ತನ ಇಷ್ಟು ಸಾಕು. ಇನ್ನೊಂದು ಸ್ಪೀಕರಿನೊಂದಿಗೆ ಹೋಲಿಸುವಾಗ ವಾಲ್ಯೂಮ್ ಸಮ ಮಾಡಿ, ಯಾವುದು ನುಡಿಯುತ್ತಿದೆಯೆಂದು ಗೊತ್ತಾಗದಂತೆ ಬೇರೆಯವರಿಂದ ಬದಲು ಮಾಡಿಸಿ. ಆಮೇಲೂ ಮನಸ್ಸಿಗೆ ಹಿಡಿಸಿದರೆ ಕೊಳ್ಳಿ. ವೈರಿಗೆಂದು ಎತ್ತಿಟ್ಟ ದುಡ್ಡಿನಲ್ಲಿ ಎರಡು ಸ್ಟ್ಯಾಂಡು, ಒಂದು ಜಮಖಾನ ತನ್ನಿ.