ಗ್ರಹಗಳು ಹುಟ್ಟುವ ತಟ್ಟೆ

2004ರ ಜನವರಿಯಲ್ಲಿ ಅಮೆರಿಕೆಯ ಹವ್ಯಾಸಿ ಖಗೋಳವೀಕ್ಷಕ ಜೇ ಮೆಕ್‌ನೀಲ್ ತಮ್ಮ 3 ಅಂಗುಲದ ದೂರದರ್ಶಕದಿಂದ ಮಹಾವ್ಯಾಧ ನಕ್ಷತ್ರಪುಂಜದಲ್ಲಿ ನಕ್ಷೆಗಳಲ್ಲಿಲ್ಲದ ನೀಹಾರಿಕೆಯೊಂದನ್ನು ಗುರುತಿಸಿದರು. ಅದನ್ನು ಬೆಳಗಿದ್ದು ವಿ1647 ಎಂಬ ಎಳೆಯ ನಕ್ಷತ್ರದ ಭುಗಿಲು. 2006ರ ವೇಳೆಗೆ ಆರಿದ ಆ ಭುಗಿಲು 2008ರಲ್ಲಿ ಮತ್ತೆ ಹೊತ್ತಿಕೊಂಡಿತು. ಅಂದಿನಿಂದ 2013ರವರೆಗೆ ಅದನ್ನು ಬಿಡದೆ ಗಮನಿಸಿದವರು ನಮ್ಮ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು. ಮುಂಬಯಿಯ ದೀಪಗಳ ನಡುವೆ ಆರ್ದ್ರಾ ನಕ್ಷತ್ರ ಕಂಡರೇ ಪುಣ್ಯ. ಆದುದರಿಂದ ಅವರು ಲಡಾಖಿನ ಹಾನ್ಲೆ ಹಾಗೂ ಪುಣೆಯ ಸಮೀಪದ ಗಿರಾವಲಿಯ ದೂರದರ್ಶಕಗಳನ್ನು ಬಳಸಿದರು.

ಭುಗಿಲಿನ ಮೂಲವಿರುವುದು ನಕ್ಷತ್ರವನ್ನು ಸುತ್ತುವರಿದ ತಟ್ಟೆಯಲ್ಲಿ. ತಣ್ಣನೆಯ ಅನಿಲಮೋಡವು ತನ್ನ ಭಾರಕ್ಕೇ ಕುಸಿಯುವಾಗ ಅದರ ಅಲ್ಪ ಭ್ರಮಣವೂ ವೇಗಗೊಳ್ಳುತ್ತದೆ. ದ್ರವ್ಯವೆಲ್ಲ ನೇರವಾಗಿ ಕೇಂದ್ರಕ್ಕೆ ಬೀಳಲಾರದೆ ಚಪ್ಪಟೆಯಾಗಿ ಸುತ್ತತೊಡಗುತ್ತದೆ. ಅದರಲ್ಲಿ ನೂರು ಪಾಲು ಅನಿಲಕ್ಕೆ ಧೂಳು ಸುಮಾರು ಒಂದು ಪಾಲು ಮಾತ್ರ. ಆ ಒಂದು ಪಾಲೇ ಅಂಟಿಕೊಂಡು, ಕಲ್ಲಾಗಿ, ಬಂಡೆಯಾಗಿ, ಭೂಮಿಯಂತಹ ಗ್ರಹವಾಗಬೇಕು.

ಆದರೆ ತಟ್ಟೆಯನ್ನು ನಕ್ಷತ್ರವೇ ಕಬಳಿಸುತ್ತಿರುತ್ತದೆ, ಅದೂ ಕೆಲಕಾಲ ಉಪವಾಸ, ಕೆಲಕಾಲ ಔತಣ ಎಂಬಂತೆ. ದ್ರವ್ಯವು ಒಮ್ಮೆಲೇ ಸುರಿದಾಗ ಕಾಣುವುದೇ ಈ ಭುಗಿಲು. ಉಳಿದ ಅನಿಲವನ್ನು ನಕ್ಷತ್ರದ ಪ್ರಖರ ಕಿರಣಗಳು ಚದುರಿಸುತ್ತವೆ. ಬಹುಪಾಲು ತಟ್ಟೆಗಳ ಆಯುಷ್ಯ ಕೆಲವೇ ದಶಲಕ್ಷ ವರ್ಷ. ಗುರುವಿನಂತಹ ಅನಿಲಗ್ರಹ ಅಷ್ಟರೊಳಗೆ ರೂಪುಗೊಳ್ಳಲೇಬೇಕು. ಗ್ರಹಗಳೂ ಅವಸರದಲ್ಲಿವೆಯೆಂದೇ ತೋರುತ್ತದೆ. 2014ರಲ್ಲಿ ಚಿಲಿಯ ಆಲ್ಮಾ ವೀಕ್ಷಣಾಲಯವು ಎಚ್‌ಎಲ್ ಟೌರಿ ಎಂಬ ನಕ್ಷತ್ರದ ತಟ್ಟೆಯಲ್ಲಿ ಉಂಗುರಗಳನ್ನೂ ಅವುಗಳ ನಡುವೆ ತೆರಪುಗಳನ್ನೂ ಕಂಡಿತು. ಆ ತೆರಪುಗಳು ಹುಟ್ಟುತ್ತಿರುವ ಗ್ರಹಗಳು ಬಿಟ್ಟ ಜಾಡೆಂದು ಹಲವರ ಅಭಿಪ್ರಾಯ. ಆ ನಕ್ಷತ್ರಕ್ಕೆ ಹತ್ತು ಲಕ್ಷ ವರ್ಷವೂ ತುಂಬಿಲ್ಲ!

ಧೂಳನ್ನು ಭೇದಿಸಿ ಬರುವ ಅವಕೆಂಪು ಕಿರಣಗಳನ್ನು ವಿಶ್ಲೇಷಿಸಲು 2013ರಲ್ಲಿ ಟಾಟಾ ಸಂಸ್ಥೆಯ 'ಟರ್ಸ್‌ಪೆಕ್' ಉಪಕರಣವನ್ನು ಹಾನ್ಲೆಯ 2 ಮೀಟರ್ ದೂರದರ್ಶಕಕ್ಕೆ ಜೋಡಿಸಲಾಯಿತು. ಸುಮಾರು 4,500 ಮೀಟರ್ ಎತ್ತರದ ಆ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ಬೆಂಗಳೂರಿನ ಪಕ್ಕದ ನಮ್ಮ ಹೊಸಕೋಟೆಯಿಂದ.